ನೆಲ್ಬಾ ಆರಿಸಿದ ಶಾಖದ ದುರ್ಬೀನು

ನಮ್ಮ ಕಡೆ ಚಳಿಗಾಲವಾದ ಆಗಸ್ಟ್ ತಿಂಗಳ ಎರಡನೇ ವಾರ ನೆಲ್ಬಾ ಎಚೆಗರಾಯ್ ಅವರ ಹುಲ್ಲುಗಾವಲಿನಲ್ಲಿ ಒಂಬತ್ತನೆಯ ಕುರಿಮರಿ ಹೋಯಿತು. ಹುಟ್ಟಿ ಒಂದು ಹಗಲೂ ಕಳೆಯದ ಮರಿ. ತಾಯಿಕುರಿ ಬೇಲಿಯುದ್ದಕ್ಕೂ ಓಡಾಡಿ ಕರೆಯುತ್ತಿತ್ತು. ನೆಲದ ಮೇಲೆ ಉಳಿದದ್ದು ಅಂಗೈಯಗಲದ ಚರ್ಮ, ಸುತ್ತ ಕಾಡುಹಂದಿಯ ಗೊರಸಿನ ಗುರುತು. ನೆಲ್ಬಾ ಆ ಗುರುತಿನ ಪಕ್ಕ ತಮ್ಮ ಬೂಟುಗಾಲಿಟ್ಟು ಅಳತೆ ನೋಡಿದರು.

"ಗಂಡು. ನೂರು ಕಿಲೋಗೆ ಕಮ್ಮಿ ಇಲ್ಲ. ಒಂಟಿಯಾಗಿ ಬರ್ತಾ ಇದೆ," ಎಂದು ನನ್ನ ಕಡೆ ತಿರುಗಿದರು. "ಮಗಳೇ, ಶನಿವಾರ ನಿನಗೆ ಶಾಲೆ ಇಲ್ಲ ತಾನೆ? ಮಿನಾಸ್ ಪೇಟೆಗೆ ಹೋಗಿಬರೋಣ. ಆ ಶಾಖ ಕಾಣೋ ದುರ್ಬೀನು ಒಂದು ತರಬೇಕು."

ನಾನು ಮರಿಸ್ಕಾಲ ಊರಿನ ಆಚೆ, ಗುಡ್ಡದ ಶಾಲೆಯ ಟೀಚರು. ಏಳು ಮಕ್ಕಳ ಶಾಲೆ. ಹನ್ನೊಂದು ವರ್ಷದಿಂದ ನನ್ನ ಊಟ, ವಾಸ ಎಲ್ಲ ನೆಲ್ಬಾ ಅವರ ಮನೆಯಲ್ಲೇ. ಬಂದ ಮೊದಲ ತಿಂಗಳು 'ದೋನ್ಯಾ ನೆಲ್ಬಾ' ಎಂದು ಮರ್ಯಾದೆಯಿಂದ ಕರೆಯುತ್ತಿದ್ದೆ; ಈಗಲೂ ಹಾಗೇ ಕರೆಯುತ್ತೇನೆ, ಆದರೆ ಜಗಳವನ್ನೂ ಆಡುತ್ತೇನೆ.

ಅವರು ಹುಟ್ಟಿದ್ದು ಇದೇ ಮನೆಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಕುರಿಯ ಉಣ್ಣೆ ಕತ್ತರಿಸುವ ತಂಡವೊಂದಕ್ಕೆ ಅಡುಗೆಯವಳಾಗಿ ಸೇರಿ, ಇಪ್ಪತ್ತಾರು ವರ್ಷ ಲಾರಿಯ ಹಿಂದೆ ಕೂತು ಜಮೀನಿಂದ ಜಮೀನಿಗೆ ತಿರುಗಿದರು. ಮೂವತ್ತು ಗಂಡಸರಿಗೆ ಮೂರು ಹೊತ್ತು ಬೇಯಿಸಿ ಹಾಕಿದರು. ಒಮ್ಮೆ ತಂಡದ ಮೇಸ್ತ್ರಿ ಪೇಟೆಯಿಂದ ಹೊಸ ಹಂಡೆ ತಂದು, ಇಡೀ ಪ್ರಾಂತದಲ್ಲೇ ಇಷ್ಟು ದೊಡ್ಡದಿಲ್ಲ ಎಂದು ಹೊಗಳಿದನಂತೆ. ಇವರು ಅದರ ತುಂಬ ನೀರು ತುಂಬಿ, "ಒಲೆ ಮೇಲಿಂದ ಇಳಿಸಿ ತೋರಿಸಿ" ಎಂದರಂತೆ. ಹಂಡೆ ಮರುದಿನವೇ ಅಂಗಡಿಗೆ ವಾಪಸಾಯಿತು. ನಲವತ್ತೈದಕ್ಕೆ ಅಪ್ಪನ ಜಮೀನು, ಇನ್ನೂರೆಂಬತ್ತು ಕುರಿ, ಅಪ್ಪನ ರೈಫಲ್ಲು ಇವರ ಪಾಲಿಗೆ ಬಂದವು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಮೂವತ್ತು ಜನಕ್ಕೆ ಬಡಿಸಿದ್ದೇನೆ, ಸಾಕು," ಎನ್ನುವರು.

ಹಗಲಲ್ಲಿ ನೆಲ್ಬಾ ಅವರ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೆ ಹಂದಿ ಬರುವುದು ಹೊತ್ತು ಮುಳುಗಿದ ಮೇಲೆ. ನಾಲ್ಕು ಸಂಜೆ ದೊಡ್ಡ ಟಾರ್ಚು ಹಿಡಿದು ಕಾದರು. ಬೆಳಕು ಬಿದ್ದ ಕ್ಷಣಕ್ಕೆ ಹಂದಿ ಕಣಿವೆಯ ಮುಳ್ಳುಪೊದೆ ಸೇರುತ್ತಿತ್ತು. ಕತ್ತಲಲ್ಲಿ ಮೈಯ ಬಿಸಿಯನ್ನೇ ಚಿತ್ರ ಮಾಡಿ ತೋರಿಸುವ, ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಸುದ್ದಿ ಪಕ್ಕದ ಜಮೀನಿನ ಹೇಬರ್ ಲರೋಸಾನ ಕಿವಿಗೆ ಬೀಳಲು ಅರ್ಧ ದಿನವೂ ಬೇಕಾಗಲಿಲ್ಲ. ಹೇಬರ್‌ಗೆ ಅರವತ್ತೆಂಟು, ಹೆಂಡತಿ ತೀರಿಕೊಂಡು ಆರು ವರ್ಷ. ಮರಿಸ್ಕಾಲದ ಬೇಟೆಗಾರರ ಸಂಘದಲ್ಲಿ ಅವನ ಮಾತಿಗೆ ಎದುರು ಮಾತಿಲ್ಲ, ಏಕೆಂದರೆ ಅವನು ಬೇರೆಯವರಿಗೆ ಮಾತಾಡಲು ಬಿಡುವುದಿಲ್ಲ. ಮಾಟೆ ಎಂಬ ಎಲೆಯ ಬಿಸಿ ಕಷಾಯ ಕುಡಿಯುವ ಸೋರೆಬುರುಡೆ ಕೈಯಲ್ಲಿ, ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ. ಹಾಗೇ ಬಂದು ನಮ್ಮ ಅಡುಗೆಮನೆಯ ಬೆಂಚಿನ ಮೇಲೆ ಕೂತ.

"ನೋಡು ನೆಲ್ಬಾ, ತಗೊಂಡ್ರೆ ದೊಡ್ಡ ಮಸೂರದ್ದೇ ತಗೋಬೇಕು. ಎರಡು ಕಿಲೋಮೀಟರ್ ದೂರದ ಪ್ರಾಣೀನ ತೋರಿಸುತ್ತೆ."

"ನನ್ನ ಕುರಿ ಮೇಯೋ ಜಾಗ ಇರೋದು ನಾನೂರು ಮೀಟರ್. ಮಿಕ್ಕಿದ್ದರಲ್ಲಿ ಯಾರ ಮನೆ ನೋಡ್ಲಿ, ನಿಂದಾ?"

"ನೋಡಿದ್ರೆ ತಪ್ಪೇನು?"

"ನೋಡೋ ಅಂಥದ್ದು ಏನಿದೆ ಅಲ್ಲಿ. ತೊಳೀದಿರೋ ಪಾತ್ರೆ."

ಹೇಬರ್ ನನ್ನ ಕಡೆ ನೋಡಿದ. "ಟೀಚರಮ್ಮ, ನೀವಾದ್ರೂ ಓದಿದವರು, ಹೇಳಿ ಇವಳಿಗೆ."

ನಾನು ಮೆತ್ತಗೆ ಜಾರಿಕೊಂಡೆ. ಆ ಜಗಳದ ಮಧ್ಯೆ ಸಿಕ್ಕಿಬಿದ್ದವರು ಯಾರೂ ಸುಖವಾಗಿಲ್ಲ.

ಶನಿವಾರ ಮಿನಾಸಿಗೆ ಹೋದೆವು. ಹೇಬರ್ ಕರೆಯದಿದ್ದರೂ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಬಂದೂಕಿನ ಅಂಗಡಿಯ ದಾರ್ದೊ ಪಿಂತೋಸ್ ನಿಧಾನದ ಮನುಷ್ಯ, ಗಿರಾಕಿ ಏನು ಕೇಳಿದರೂ ಮೊದಲು ಕನ್ನಡಕ ಒರೆಸಿಕೊಳ್ಳುವ ಜಾತಿ. ಮೂರು ದುರ್ಬೀನುಗಳನ್ನು ಮೇಜಿನ ಮೇಲಿಟ್ಟ. ನೆಲ್ಬಾ ಒಂದನ್ನು ಎತ್ತಿ, ಮುಚ್ಚಿದ ಗಾಜಿನ ಬಾಗಿಲ ಮೂಲಕ ರಸ್ತೆ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಕೆಟ್ಟಿದೆ. ರಸ್ತೆಯಲ್ಲಿ ಜನ ಓಡಾಡ್ತಿದ್ದಾರೆ, ಇದರಲ್ಲಿ ಯಾರೂ ಇಲ್ಲ. ಒಬ್ಬಳು ಮುದುಕಿ ಮಸುಕಾಗಿ ನಿಂತಿದ್ದಾಳೆ ಅಷ್ಟೆ."

"ಆ ಮುದುಕಿ ನೀವೇ, ದೋನ್ಯಾ," ಎಂದ ದಾರ್ದೊ. "ಗಾಜು ಶಾಖಾನ ಆಚೆ ಬಿಡಲ್ಲ. ನಿಮ್ಮ ಮೈಯ ಬಿಸಿಯೇ ಅದರಲ್ಲಿ ಪ್ರತಿಬಿಂಬ ಆಗಿ ಕಾಣುತ್ತೆ. ಬಾಗಿಲು ತೆಗೆದು ನೋಡಿ."

ನೆಲ್ಬಾ ಅವರ ಮುಖ ಸಪ್ಪಗಾಯಿತು. ಒಲೆಯ ಪಕ್ಕ ಬೆಚ್ಚಗೆ ಕೂತು, ಅಡುಗೆಮನೆಯ ಕಿಟಕಿಯಿಂದ ಕಾವಲು ಕಾಯುವ ಯೋಚನೆ ಅವರಿಗಿತ್ತು. ಅದು ಅಲ್ಲೇ ಮುಗಿಯಿತು. ಹೇಬರ್ ನಕ್ಕ. ಅವನು ನಕ್ಕದ್ದರಿಂದ ಅವರಿಗೆ ಹುರುಪು ಬಂತು. ಜೇಬಿನಿಂದ ಉಣ್ಣೆಯ ಕೈಗವಸು ತೆಗೆದು ಹಾಕಿಕೊಂಡು, ಮೂರರ ಗುಂಡಿಗಳನ್ನೂ ಒಂದೊಂದಾಗಿ ಒತ್ತತೊಡಗಿದರು. ಅವರ ಬೆರಳ ಗಂಟುಗಳು ಊದಿಕೊಂಡು ಕೆಲವು ವರ್ಷವಾಗಿತ್ತು. ಒಂದರ ಗುಂಡಿಗಳು ಬೇಳೆಕಾಳಿನಷ್ಟು ಸಣ್ಣವು. ಅದನ್ನು ಪಕ್ಕಕ್ಕೆ ಸರಿಸಿದರು. ಉಳಿದದ್ದು ಎರಡು. ಒಂದು ಹೇಬರ್ ಹೊಗಳಿದ ದೊಡ್ಡ ಮಸೂರದ್ದು, ಇನ್ನೊಂದು ಅದರ ಅರ್ಧದಷ್ಟಿತ್ತು.

"ದೊಡ್ಡದು ದೂರದ್ದನ್ನ ಹತ್ತಿರ ತರುತ್ತೆ," ಎಂದು ವಿವರಿಸಿದ ದಾರ್ದೊ, "ಆದರೆ ಒಂದು ಸಲಕ್ಕೆ ಕಾಣೋದು ಸ್ವಲ್ಪ ಜಾಗ, ಬಾಗಿಲ ಸಂದಿಯಿಂದ ನೋಡಿದ ಹಾಗೆ. ಚಿಕ್ಕದರಲ್ಲಿ ಪ್ರಾಣಿ ಸಣ್ಣದಾಗಿ ಕಾಣುತ್ತೆ, ಅಕ್ಕಪಕ್ಕದ್ದೆಲ್ಲ ಜೊತೆಗೇ ಕಾಣುತ್ತೆ. ದಟ್ಟ ಮಂಜು ಬಿದ್ದರೆ ಎರಡೂ ಕುರುಡು. ಸುಳ್ಳು ಹೇಳಲ್ಲ."

"ಇದನ್ನ ಬಂದೂಕಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ನೋಡಬಹುದಾ?"

"ಚಿಕ್ಕದನ್ನ ನೋಡಬಹುದು. ಮತ್ತೆ ಕೂರಿಸಿದ್ರೂ ಗುರಿ ಬದಲಾಗಲ್ಲ. ಯಾಕೆ ಕೇಳಿದ್ರಿ?"

"ಅಲ್ಲಿ ಏನಿದೆ ಅಂತ ಗೊತ್ತಾಗೋದಕ್ಕೆ ಮುಂಚೆ ಅದರ ಕಡೆ ಬಂದೂಕು ತಿರುಗಿಸೋದು ನನಗೆ ಸರಿಬರಲ್ಲ. ನಮ್ಮಪ್ಪ ಕಪಾಳಕ್ಕೆ ಬಾರಿಸ್ತಿದ್ರು."

ದಾರ್ದೊ ಕನ್ನಡಕ ಒರೆಸಿಕೊಂಡು, ಎರಡನ್ನೂ ಒಂದು ವಾರ ಮನೆಗೆ ಒಯ್ದು ನೋಡಿ ಎಂದ. ಹಾಗೆ ಅವನು ಹೇಳಿದ್ದು ಅದೇ ಮೊದಲೆಂದು ಹೇಬರ್ ದಾರಿಯುದ್ದಕ್ಕೂ ಗೊಣಗಿದ.

ಅದೇ ಸಂಜೆ ನಾವು ಮೂವರೂ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಬಾಗಿಲಲ್ಲಿ ಕೂತೆವು. ದಿನವಿಡೀ ಒಳ್ಳೆಯ ಬಿಸಿಲಿತ್ತು, ಈಗ ಚಳಿ ಹತ್ತುತ್ತಿತ್ತು. ಹೇಬರ್ ದೊಡ್ಡದನ್ನು ಕಣ್ಣಿಗಿಟ್ಟವನೇ ಉಸಿರು ಬಿಗಿಹಿಡಿದ.

"ಐದು ಹಂದಿ," ಎಂದು ಪಿಸುಗುಟ್ಟಿದ. "ಗುಡ್ಡದ ಬುಡದಲ್ಲಿ. ಮಲಗಿವೆ. ಒಂದಂತೂ ಎಮ್ಮೆ ಗಾತ್ರ ಇದೆ."

ನೆಲ್ಬಾ ಚಿಕ್ಕದರಲ್ಲಿ ಆ ಕಡೆ ನೋಡಿದರು. "ಎಡಗಡೆ ಎರಡು, ಬಲಗಡೆ ಮೂರು?"

"ಹೌದು, ಹೌದು. ಸದ್ದು ಮಾಡಬೇಡ."

"ಅವು ನಮ್ಮಜ್ಜನ ಕಾಲದಿಂದ ಅಲ್ಲೇ ಮಲಗಿವೆ, ಹೇಬರ್. ಬಂಡೆಗಳು. ಬಿಸಿಲಿಗೆ ಕಾದಿವೆ."

ನಾನು ನಗು ತಡೆಯಲಾಗದೆ ಉಣ್ಣೆಯ ಮೂಟೆಗೆ ಮುಖ ಒತ್ತಿಕೊಂಡೆ. ಹೇಬರ್ ತಪ್ಪೊಪ್ಪಿಕೊಳ್ಳುವವನಲ್ಲ. "ಬಂಡೇನೇ ಇಷ್ಟು ಚೆನ್ನಾಗಿ ಕಾಣ್ಬೇಕಾದ್ರೆ ಹಂದಿ ಎಷ್ಟು ಚೆನ್ನಾಗಿ ಕಾಣ್ಬೇಡ," ಎಂದ. ಆದರೆ ಆ ಸಂಜೆ ಊಟಕ್ಕೆ ನಿಲ್ಲಲಿಲ್ಲ.

ವಾರವಿಡೀ ನೆಲ್ಬಾ ಎರಡನ್ನೂ ಬದಲಿಸಿ ಬದಲಿಸಿ ನೋಡಿದರು. ಕುರಿ, ಕುರಿಮರಿ, ನಮ್ಮ ನಾಯಿ ಚಿಸ್ಪಾ, ಮೊಲ, ನೀರಿನಿಂದೆದ್ದು ಬರುವ ಕಾರ್ಪಿಂಚೊ ಎಂಬ ನಾಯಿಗಾತ್ರದ ಹೆಗ್ಗಣ — ಪ್ರತಿಯೊಂದೂ ಹೇಗೆ ನಡೆಯುತ್ತದೆ, ನಿಂತಾಗ ಕತ್ತು ಎಲ್ಲಿರುತ್ತದೆ ಎಂದು ಗಮನಿಸಿ ನನ್ನಿಂದ ನೋಟ್‌ಬುಕ್ಕಿನಲ್ಲಿ ಬರೆಸಿದರು. ನಾಯಿಯನ್ನೂ ಹಂದಿಯನ್ನೂ ನೂರು ಮೀಟರಿನಲ್ಲಿ ಬೇರೆಬೇರೆ ಎಂದು ಹೇಳಲಾಗದಿದ್ದರೆ ಇದನ್ನು ಒಲೆಗೆ ಹಾಕುತ್ತೇನೆ ಎಂದರು. ಒಲೆಗೆ ಹಾಕಬೇಕಾಗಿ ಬರಲಿಲ್ಲ. ಶುಕ್ರವಾರ ಚಿಕ್ಕದನ್ನು ಇಟ್ಟುಕೊಂಡು, ದೊಡ್ಡದನ್ನು ಹಾಲಿನ ಲಾರಿಯವನ ಕೈಯಲ್ಲಿ ವಾಪಸು ಕಳಿಸಿದರು.

ಇನ್ನು ಅದನ್ನು ರೈಫಲ್ಲಿಗೆ ಕೂರಿಸಿ ಗುರಿ ಸರಿಮಾಡಬೇಕಿತ್ತು. ತಣ್ಣನೆಯ ಕಾಗದದ ಗುರಿಹಲಗೆ ಈ ದುರ್ಬೀನಿಗೆ ಕಾಣದು, ಬಿಸಿಯಾದದ್ದೇ ಬೇಕು. ನೆಲ್ಬಾ ಕೆಂಡದಲ್ಲಿ ಗೆಣಸು ಸುಟ್ಟು, ಗುಡ್ಡಕ್ಕೆ ಬೆನ್ನಾದ ಮಣ್ಣುದಿಬ್ಬದ ಮುಂದೆ ಕಂಬದ ಮೇಲಿಟ್ಟರು. ಮೊದಲ ಗೆಣಸು ಉಳಿಯಿತು, ಎರಡನೆಯದರ ಸಿಪ್ಪೆ ಹಾರಿತು, ಮೂರನೆಯದು ಪುಡಿಯಾಯಿತು. ಉಳಿದವನ್ನು ನಾವು ಬೆಣ್ಣೆ ಹಚ್ಚಿ ತಿಂದೆವು. ಹೇಬರ್ ಬೇಲಿಯಾಚೆ ನಿಂತು ನೋಡಿದ.

"ಆಟದ ಸಾಮಾನು ಇಲ್ಲದೆ ನಮ್ಮ ತಾತಂದಿರು ಹಂದಿ ಹೊಡೀತಿದ್ರು," ಎಂದ.

"ಹೊಡೀತಿದ್ರು. ನೀನು ಹೊಡೆದು ತೋರಿಸು."

ಅದನ್ನು ಅವರು ಹಗುರವಾಗಿಯೇ ಹೇಳಿದ್ದು. ಅವನು ಹಗುರವಾಗಿ ತೆಗೆದುಕೊಳ್ಳಲಿಲ್ಲ ಎಂಬುದು ನಮಗೆ ಮೂರು ದಿನದ ಮೇಲೆ ಗೊತ್ತಾಯಿತು.

ಮಂಗಳವಾರ ಸಂಜೆ ಏಳು ಗಂಟೆ. ಚಂದ್ರನಿರಲಿಲ್ಲ. ನಾನೂ ನೆಲ್ಬಾ ಅವರೂ ಕೊಟ್ಟಿಗೆಯ ಬಾಗಿಲಲ್ಲಿದ್ದೆವು. ಅವರು ದುರ್ಬೀನನ್ನು ಕೈಯಲ್ಲಿ ಹಿಡಿದು, ಅನ್ನ ಬೆಂದಿದೆಯೇ ನೋಡುವಷ್ಟು ನೆಮ್ಮದಿಯಿಂದ ಹುಲ್ಲುಗಾವಲನ್ನು ನೋಡುತ್ತಿದ್ದರು. ಒಮ್ಮೆಲೇ ಅವರ ಕೈ ನಿಂತಿತು. "ಬಂದ," ಎಂದು ನನಗೆ ಕೊಟ್ಟರು. ಕಣಿವೆಯ ಕಡೆಯ ಬೇಲಿಯ ಕೆಳಗೆ ನುಸುಳಿ, ಮುಂದೆ ದಪ್ಪ ಹಿಂದೆ ಸಣಕಲಾದ ಬೆಳ್ಳನೆಯ ಆಕಾರವೊಂದು ಕುರಿಗಳ ಕಡೆ ನಡೆದಿತ್ತು. ಎಂಬತ್ತು ಮೀಟರೂ ಇರಲಿಲ್ಲ.

ನೆಲ್ಬಾ ದುರ್ಬೀನು ವಾಪಸು ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ರೈಫಲ್ಲಿಗೆ ಕೂರಿಸಲಿಲ್ಲ.

"ಹಂದಿ ಹಿಂದೆ, ಬಲಗಡೆ ಅಂಚಿನಲ್ಲಿ ಏನಿದೆ ನೋಡು."

ಹುಲ್ಲಿನಲ್ಲಿ ಉದ್ದಕ್ಕೆ ಏನೋ ಬಿದ್ದಿತ್ತು. "ಕರು ಮಲಗಿದೆ ಅನ್ಸುತ್ತೆ," ಎಂದೆ.

"ಕರು ಮಾಟೆ ಕುಡಿಯಲ್ಲ, ಮಗಳೇ."

ಮತ್ತೆ ನೋಡಿದೆ. ಮಲಗಿದ ಆಕಾರದ ಮುಖದ ಹತ್ತಿರ ಒಂದು ಪುಟ್ಟ ಉಂಡೆ ಹೊಳೆಯುತ್ತಿತ್ತು; ಅದು ಕೆಳಗಿಳಿಯಿತು, ಮತ್ತೆ ಬಾಯಿಗೆ ಬಂತು. ಪಕ್ಕದಲ್ಲಿ ನೆಟ್ಟಗೆ ಇನ್ನೊಂದು ಹೊಳಪು, ಫ್ಲಾಸ್ಕಿನ ಬಾಯಿ.

ನೆಲ್ಬಾ ರೈಫಲ್ಲನ್ನು ಗೋಡೆಗೆ ಒರಗಿಸಿ, ಫೋನು ತೆಗೆದು ಒತ್ತಿದರು. ಕತ್ತಲ ಹುಲ್ಲುಗಾವಲಿನ ನಡುವೆ ಹರ್ಷದ ಅಕಾರ್ಡಿಯನ್ ಸಂಗೀತ ಮೊಳಗಿತು. ಹಂದಿ ನೆಗೆದು, ಬೇಲಿಯ ತಂತಿ ಝಣ್ ಎನ್ನಿಸಿ ಕಣಿವೆಗೆ ಓಡಿತು. ಬಹಳ ಹೊತ್ತು ತಡಕಾಡಿದ ಮೇಲೆ ಹೇಬರ್ ಫೋನೆತ್ತಿದ.

"ಎಲ್ಲಿದ್ದೀಯ ಹೇಬರ್?"

"ಮನೇಲಿ," ಎಂದ ಮೆಲ್ಲಗೆ. "ಹಾಸಿಗೇಲಿ. ಯಾಕೆ?"

"ನಿನ್ನ ಹಾಸಿಗೆ ನನ್ನ ಹುಲ್ಲುಗಾವಲಿನಲ್ಲಿದೆ. ಎದ್ದು ಬಾ, ಮೈಗೆ ತಂಡಿ ಹಿಡಿಯುತ್ತೆ."

ಅವನು ತಾತನ ಕಾಲದ ಜೋಡುನಳಿಗೆ ಬಂದೂಕು ಹೆಗಲಿಗೇರಿಸಿ, ಎದೆಯಿಂದ ಮೊಣಕಾಲವರೆಗೆ ಒದ್ದೆಯಾಗಿ ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಂತ. ಬೈಗುಳ ಬರುತ್ತದೆಂದು ನಾನೂ ಅವನೂ ಕಾದೆವು. ಸೂಪಿನ ತಟ್ಟೆಯನ್ನು ನೆಲ್ಬಾ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

"ಆ ದೊಡ್ಡದನ್ನ ತಗೊಂಡಿದ್ರೆ, ಹೇಬರ್, ಹಂದಿ ಒಂದೇ ಕಾಣ್ತಿತ್ತು. ನೀನು ಕಾಣ್ತಿರಲಿಲ್ಲ. ನಾನು ಹೊಡೀತಿದ್ದೆ."

ಹೇಬರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಸೂಪು ಮುಗಿದ ಮೇಲೆ, "ನಾನು ಹೇಳದೆ ಬರಬಾರದಿತ್ತು," ಎಂದ. ಟೋಪಿಯ ಅಂಚು ತಿರುವುತ್ತ, "ನಿನಗೆ ಹಂದಿ ಹೊಡೆದು ತಂದುಕೊಡೋಣ ಅಂತ ಇತ್ತು," ಎಂದೂ ಸೇರಿಸಿದ.

"ಹೂ ತಂದುಕೊಡೋರೂ ಇರ್ತಾರೆ," ಎಂದರು ನೆಲ್ಬಾ, ಇನ್ನೊಂದು ಸೌಟು ಬಡಿಸುತ್ತ.

ಹಂದಿ ಹೆದರಿ ಹತ್ತು ದಿನ ಇತ್ತ ಬರಲಿಲ್ಲ. ಬಂದ ಸಂಜೆ ಹೇಬರ್ ನಮ್ಮ ಜೊತೆಯೇ, ಬೆಂಚಿನ ಮೇಲೆ, ಬಾಯಿ ಮುಚ್ಚಿಕೊಂಡು ಕೂತಿದ್ದ. ನೆಲ್ಬಾ ಮೊದಲು ಕೈಯಲ್ಲಿ ಹಿಡಿದು ಇಡೀ ಹುಲ್ಲುಗಾವಲನ್ನು ಅಂಚಿನಿಂದ ಅಂಚಿಗೆ ನೋಡಿದರು. ಕುರಿಗಳು ದೂರ ಒಂದು ಗುಂಪಾಗಿದ್ದವು, ಚಿಸ್ಪಾ ನನ್ನ ಕಾಲ ಬಳಿ ಇತ್ತು, ಹಂದಿಯ ಹಿಂದೆ ಗುಡ್ಡದ ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ದುರ್ಬೀನು ಕೂರಿಸಿ ಒಂದೇ ಗುಂಡು ಹಾರಿಸಿದರು. ಸಂಘದ ತಕ್ಕಡಿಯಲ್ಲಿ ಹಂದಿ ನೂರ ಹನ್ನೆರಡು ಕಿಲೋ ತೂಗಿತು. ಹೇಬರ್ ಅದನ್ನು ಹೇಳುವಾಗ ನೂರ ನಲವತ್ತು ಎನ್ನುತ್ತಾನೆ. ಆದರೆ ಹೊಡೆದವರು ಯಾರೆಂಬುದನ್ನು ಮಾತ್ರ ಒಂದು ಸಲವೂ ಬದಲಿಸಿಲ್ಲ.

ಆ ವಸಂತದಲ್ಲಿ ಮತ್ತೆ ಒಂದು ಮರಿಯೂ ಹೋಗಲಿಲ್ಲ. ಸುತ್ತಲಿನ ಜಮೀನುಗಳವರು ಯಾವ ದುರ್ಬೀನು ಕೊಳ್ಳಬೇಕೆಂದು ಕೇಳಿಕೊಂಡು ಬರತೊಡಗಿದರು. ನೆಲ್ಬಾ ಯಾವ ದುರ್ಬೀನಿನ ಹೆಸರನ್ನೂ ಹೇಳುತ್ತಿರಲಿಲ್ಲ, "ನಿಮ್ಮ ಹೊಲ ಎಷ್ಟು ಉದ್ದ, ನಿಮ್ಮ ಬೆರಳು ಹೇಗಿವೆ, ಪಕ್ಕದ ಮನೆಯವನು ಎಂಥವನು?" ಎಂದು ಕೇಳುತ್ತಿದ್ದರು. ಮೂರನೆಯ ಪ್ರಶ್ನೆಗೆ ಹೇಬರ್ ಕಿಟಕಿಯಾಚೆ ನೋಡುತ್ತಿದ್ದ, ಏಕೆಂದರೆ ಅಷ್ಟು ಹೊತ್ತಿಗೆ ಅವನು ವಾರಕ್ಕೆ ನಾಲ್ಕು ಸಂಜೆ ನಮ್ಮ ಅಡುಗೆಮನೆಯಲ್ಲೇ ಇರುತ್ತಿದ್ದ, ಪಾತ್ರೆಯನ್ನೂ ತೊಳೆಯುತ್ತಿದ್ದ.

ಈ ವರ್ಷ ಈಸ್ಟರ್ ರಜೆಗೆ ಅವರಿಬ್ಬರೂ ಸೆಬೊಯಾತಿ ನದಿಯ ದಂಡೆಗೆ ಡೇರೆ ಹಾಕಲು ಹೋದರು. ಕೆಲಸವಿಲ್ಲದೆ ಊರು ಬಿಟ್ಟದ್ದು ತಮ್ಮ ಜೀವಮಾನದಲ್ಲಿ ಇದೇ ಮೊದಲೆಂದು ನೆಲ್ಬಾ ಹೊರಡುವಾಗ ನನಗೆ ಹೇಳಿದರು; ಕುರಿಗಳ ಜವಾಬ್ದಾರಿ ನನ್ನ ಮೇಲೆ ಬಿತ್ತು. ಮೂರನೆಯ ದಿನ ಫೋನಿಗೆ ಒಂದು ಫೋಟೋ ಬಂತು. ಹೇಬರ್ ಕೈಯಲ್ಲಿ ಗೇಣುದ್ದದ ಮೀನು, ಅವನ ಮುಖದಲ್ಲಿ ತಿಮಿಂಗಿಲ ಹಿಡಿದ ಗತ್ತು. ಕೆಳಗೆ ನೆಲ್ಬಾ ಬರೆದಿದ್ದರು: "ಇನ್ನೂ ಎರಡು ದಿನ ಇದ್ದು ಬರ್ತೀವಿ. ಕುಂಟು ಕುರಿಗೆ ಔಷಧಿ ಮರೀಬೇಡ."