ಎಸ್ತರಮ್ಮನವರಿಗೆ ಓದಿ ಹೇಳದ ಕೊನೆಯ ಅಧ್ಯಾಯ

ಆ ದಿನಗಳಲ್ಲಿ ಹಲಸೂರಿನ ದೊಡ್ಡವರೆಲ್ಲ ಸದಾ ಸುಸ್ತಾಗಿಯೇ ಇರುತ್ತಿದ್ದರು. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ ದೂರದಲ್ಲಾದರೂ ಅದರ ದುಡಿತವೆಲ್ಲ ನಮ್ಮ ದಂಡು ಪ್ರದೇಶದ ಮೇಲೇ ಬಿದ್ದಂತಿತ್ತು. ಅಪ್ಪ ಮಿಲಿಟರಿ ವರ್ಕ್‌ಶಾಪಿನಲ್ಲಿ ಎರಡು ಪಾಳಿ ಮುಗಿಸಿ ಬಂದು ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದರು. ಅಮ್ಮ ಕಮರ್ಷಿಯಲ್ ಸ್ಟ್ರೀಟಿನ ದರ್ಜಿ ಅಂಗಡಿಯಿಂದ ಸಿಪಾಯಿಗಳ ಅಂಗಿಗಳನ್ನು ಹೊರೆಗಟ್ಟಲೆ ತಂದು ಗುಂಡಿ ಹೊಲಿಯುತ್ತಿದ್ದಳು. ಮನೆಯಲ್ಲಿ ಸಾರಿನ ವಾಸನೆಗಿಂತ ಹೊಸ ಖಾಕಿ ಬಟ್ಟೆಯ ವಾಸನೆಯೇ ಹೆಚ್ಚು. ಆ ಕಾಲದಲ್ಲಿ ಮಕ್ಕಳಾಗಿದ್ದವರಿಗೆ ಅದು ನೆನಪಿರುತ್ತದೆ. ಗಂಜಿಯದೂ ಎಣ್ಣೆಯದೂ ಬೆರೆತ, ಮೂಗು ಕಟ್ಟಿಸುವ ವಾಸನೆ.

ಇಷ್ಟು ದಣಿದ ಜನ ಭಾನುವಾರ ಮಧ್ಯಾಹ್ನವಾದರೂ ಕಾಲು ಚಾಚಿ ಮಲಗಬಾರದೇ? ಮಲಗುತ್ತಿರಲಿಲ್ಲ. ಚರ್ಚಿನಲ್ಲಿ ಆರಾಧನೆ ಮುಗಿಸಿ, ಉಂಡು, ಎಸ್ತರಮ್ಮನವರ ಮನೆಗೆ ಹೋಗುತ್ತಿದ್ದರು. ಎಸ್ತರಮ್ಮ ಮಿಷನ್ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದ ವಿಧವೆ. ಕೆರೆಯ ಕಡೆಗಿದ್ದ ಅವರ ಮನೆಯ ಕೆಂಪು ನೆಲದ ಮೇಲೆ ಚಾಪೆ ಹಾಸಿ ಎಲ್ಲರೂ ಸುತ್ತ ಕೂತು ಹಳೆಯ ಕ್ರೈಸ್ತ ಗ್ರಂಥಗಳನ್ನು ಓದಿ ಚರ್ಚಿಸುತ್ತಿದ್ದರು. ಅದಕ್ಕೊಂದು ಹೆಸರಿಡುವ ತ್ರಾಣ ಯಾರಿಗೂ ಇರಲಿಲ್ಲ. ಓದಿನ ಕೂಟ ಅನ್ನುತ್ತಿದ್ದೆವು. ಸಕ್ಕರೆ ಸಿಗದ ದಿನಗಳಾದ್ದರಿಂದ ಬೆಲ್ಲದ ಕಾಫಿ, ಜೊತೆಗೆ ರಾಗಿರೊಟ್ಟಿಯ ಚೂರು, ಹುಚ್ಚೆಳ್ಳು ಚಟ್ನಿ. ಹೊರಗೆ ಅಂಗಳದಲ್ಲಿ ಓರಗೆಯ ಹುಡುಗಿಯರು ಕುಂಟಾಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ನನಗೆ ಮಾತ್ರ ಒಳಗೆ ಕೂರುವ ಶಿಕ್ಷೆ. ಅಮ್ಮನಿಗೆ ಓದು ಬಾರದು, ಅವಳ ಪಾಲಿನ ಓದೆಲ್ಲ ನನ್ನ ತಲೆಗೇ ಕಟ್ಟಿದ್ದರು.

ಆಗ ಹಿಡಿದಿದ್ದ ಪುಸ್ತಕ ನೂರಾರು ವರ್ಷಗಳ ಹಿಂದೆ ಪರದೇಶದ ಮಠವೊಂದರಲ್ಲಿ ರೋಗಿಗಳ ಸೇವೆ ಮಾಡಿಕೊಂಡಿದ್ದ ಸಂನ್ಯಾಸಿಯೊಬ್ಬನದು. ದೇವರ ಜೊತೆ ತಾನಾಡಿದ ಜಗಳ, ಪಟ್ಟ ಪಶ್ಚಾತ್ತಾಪ, ಕಂಡ ಸಮಾಧಾನ ಎಲ್ಲವನ್ನೂ ಅವನು ಬರೆದಿಟ್ಟಿದ್ದ. ಯಾರೋ ಬಿಳಿಯ ಪಾದ್ರಿ ಅದನ್ನು ಕನ್ನಡಕ್ಕೆ ತಂದಿದ್ದರು. ಪಾದ್ರಿಗಳ ಕನ್ನಡ ಗೊತ್ತಲ್ಲ, ವಾಕ್ಯ ಶುರುವಾಗಿ ಅದರ ಕ್ರಿಯಾಪದ ಸಿಗುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ತಾಯ್ನಾಡಿಗೆ ಹೊರಟ ಮಿಷನರಿಯೊಬ್ಬರು ಬಿಟ್ಟುಹೋದ ಆ ಒಂದೇ ಪ್ರತಿ ನಮಗೆಲ್ಲ ಆಗಬೇಕಿತ್ತು. ಎಸ್ತರಮ್ಮ ಕತ್ತರಿ ತಂದವರೇ ಹೊಲಿಗೆಯ ದಾರವನ್ನು ಕಚಕ್ಕನೆ ಕತ್ತರಿಸಿ ಪುಸ್ತಕವನ್ನು ಕಂತೆ ಕಂತೆಯಾಗಿ ಬಿಡಿಸಿಬಿಟ್ಟರು.

"ಅಯ್ಯೋ ಟೀಚರಮ್ಮ, ದೇವರ ಪುಸ್ತಕ!" ಎಂದು ಅಮ್ಮ ಹೌಹಾರಿದಳು.

"ದೇವರದ್ದಲ್ಲ ಸಲೋಮಿ, ಸನ್ಯಾಸೀದು. ಬೀರುವಲ್ಲಿ ಬೀಗ ಹಾಕಿಡೋಕಾ ಪುಸ್ತಕ ಇರೋದು?"

ಹೀಗೆ ಮನೆಗೊಂದು ಕಂತೆ. ವಾರ ಓದುವುದು, ಭಾನುವಾರ ಬಂದು ಓದಿದ್ದನ್ನು ಹೇಳುವುದು, ಕಂತೆಯನ್ನು ಪಕ್ಕದವರಿಗೆ ದಾಟಿಸುವುದು. ಇದರಿಂದ ಒಬ್ಬರ ಮನೆಯಲ್ಲಿ ಸಂನ್ಯಾಸಿ ಇನ್ನೂ ಮೀಸೆ ಮೂಡದ ಹುಡುಗ, ಇನ್ನೊಬ್ಬರ ಮನೆಯಲ್ಲಿ ಅವನಿಗೆ ಹಲ್ಲು ಉದುರಿದೆ. ದೇವಾಲಯದಲ್ಲಿ ಪಾದ್ರಿಗಳ ಕೈಕೆಳಗೆ ಬೋಧನೆ ಮಾಡುತ್ತಿದ್ದ ದೇವಸಹಾಯಂ ಉಪದೇಶಿಗಳಿಗೆ ಇದು ಸಹಿಸಲಾಗುತ್ತಿರಲಿಲ್ಲ. ಮನೆಮಾತು ತಮಿಳಾದ ಅವರು ತೊಡೆ ತಟ್ಟಿ, "ಅವನು ಪಾಪಿ ಅಮ್ಮಾ, ಪೆರಿಯ ಪಾಪಿ!" ಎನ್ನುತ್ತಿದ್ದರು.

"ಇಲ್ಲ ಉಪದೇಶಿಗಳೇ," ಎನ್ನುತ್ತಿದ್ದಳು ಅಮ್ಮ. "ನಮ್ಮನೆಗೆ ಬಂದಾಗ ತುಂಬ ಒಳ್ಳೆಯವನಾಗಿದ್ದ."

ಎಲ್ಲರೂ ನಗುತ್ತಿದ್ದರು. ಆ ನಗುವಿನಲ್ಲೇ ಒಬ್ಬಿಬ್ಬರು ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದರು.

ಕೂಟಕ್ಕೆ ಎರಡು ಕಟ್ಟಳೆಗಳಿದ್ದವು. ಹಿಡಿದ ಪುಸ್ತಕ ಮುಗಿಯದೆ ಇನ್ನೊಂದನ್ನು ತೆರೆಯುವಂತಿಲ್ಲ. ಕೊನೆಯ ಕಂತೆಯನ್ನು ಯಾರೂ ಮನೆಯಲ್ಲಿ ಓದುವಂತಿಲ್ಲ, ಉಳಿದದ್ದೆಲ್ಲ ಮುಗಿದ ಮೇಲೆ ಒಟ್ಟಿಗೆ ಕೂತು ಗಟ್ಟಿಯಾಗಿ ಓದಬೇಕು. ಅಲ್ಲಿಯವರೆಗೆ ಅದನ್ನು ಇಟ್ಟುಕೊಳ್ಳಲು ನಮ್ಮ ಮನೆಗೇ ಕೊಟ್ಟಿದ್ದರು. ಓದಲು ಬಾರದ ಸಲೋಮಿ ಕದ್ದು ಓದುವುದಿಲ್ಲ, ಅವಳು ಹೇಳದೆ ನಾನು ಓದುವುದಿಲ್ಲ ಎಂಬ ಧೈರ್ಯ.

ಎಸ್ತರಮ್ಮನವರಿಗೆ ಒಬ್ಬನೇ ಮಗ, ಡೇವಿಡ್. ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಕುಕ್ ಟೌನಿನ ಬಂಗಲೆಗಳ ಮುಂದೆ ಹೋಗುತ್ತಾ, "ಈ ಮನೆ ನಿಂಗೆ, ಆ ಮನೆ ನಂಗೆ," ಎಂದು ಹಂಚುತ್ತಿದ್ದವನು. ಸೈನ್ಯಕ್ಕೆ ಸೇರಿ ಲಾರಿ ಓಡಿಸಲು ಬರ್ಮಾ ಕಡೆ ಹೋಗಿದ್ದ. ನಾವು ಪುಸ್ತಕದ ಕೊನೆಗೆ ಹತ್ತಿರವಾಗಿದ್ದಾಗ ಅವನು ಕಾಣೆಯಾಗಿದ್ದಾನೆಂದು ಸುದ್ದಿ ಬಂತು. ಸತ್ತನೆಂದೂ ಇಲ್ಲ, ಸೆರೆ ಸಿಕ್ಕನೆಂದೂ ಇಲ್ಲ, ಬರೀ ಕಾಣೆ.

ಆ ಸಂಜೆ ಅಮ್ಮ ಟ್ರಂಕಿನಿಂದ ಕೊನೆಯ ಕಂತೆ ತೆಗೆದು, "ಮೇಲೆ ಏನು ಬರೆದಿದೆ ನೋಡು," ಎಂದಳು. ಮರಣಕ್ಕೆ ಸಿದ್ಧನಾಗುವ ಬಗೆ ಎಂದಿತ್ತು. ನಾನು ಮುಂದೆ ಓದುವ ಮೊದಲೇ ಅಮ್ಮ ಹಾಳೆಯ ಮೇಲೆ ಕೈ ಇಟ್ಟುಬಿಟ್ಟಳು. ಆಮೇಲೆ ಸೆರಗು ಹೊದ್ದು ನೇರ ಉಪದೇಶಿಗಳ ಮನೆಗೆ ಹೋದಳು.

ಮುಂದಿನ ಭಾನುವಾರ ಎಸ್ತರಮ್ಮ ಕೊನೆಯ ಕಂತೆ ಕೇಳಿದಾಗ ಅಮ್ಮ ಚಾಪೆಯ ಅಂಚು ಕೀಳುತ್ತಾ, "ಇಲಿ ತಿಂದುಬಿಡ್ತು ಟೀಚರಮ್ಮ," ಎಂದಳು. ಸುಳ್ಳಿನ ವಿರುದ್ಧ ಗಂಟೆಗಟ್ಟಲೆ ಬೋಧಿಸುವ ಉಪದೇಶಿಗಳು ಗಂಟಲು ಸರಿಮಾಡಿಕೊಂಡು, "ಇಲಿಗೇನು ಗೊತ್ತಮ್ಮಾ, ಆತ್ಮೀಕ ಪುಸ್ತಕ ಅಂತ. ನಮಗೂ ಅರ್ಥ ಆಗದೇ ಇರೋದು ಬೇಕಾದಷ್ಟಿದೆ. ಮೊದಲಿಂದ ಓದಿಬಿಡೋಣ," ಎಂದರು. ಎಸ್ತರಮ್ಮ ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಆಗಲಿ," ಎಂದರು.

ಕೊನೆ ಓದದೆ ಪುಸ್ತಕ ಮುಗಿದಂತಲ್ಲ, ಮುಗಿಯದೆ ಇನ್ನೊಂದಿಲ್ಲ. ಹಾಗೆ ಶುರುವಾಯಿತು ನೋಡಿ, ಗಾಣದ ಸುತ್ತಾಟ. ಕಂತೆಗಳು ಮತ್ತೆ ಮನೆಯಿಂದ ಮನೆಗೆ ಹೋದವು. ಒಂದು ಸುತ್ತು ಮುಗಿದರೆ ಇನ್ನೊಂದು. ಹಾಳೆಗಳು ಅಂಚು ಮಾಸಿ ಮೆತ್ತಗಾದವು, ಸಂನ್ಯಾಸಿಯ ಪಾಪಗಳು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾದವು. ಸಾವಿನ ಮಾತು ಬಂದಲ್ಲೆಲ್ಲ ಓದುವವರು ಸಾಲು ಹಾರಿಸುತ್ತಿದ್ದರು. ನಾನು ಮರೆತು ಓದಲು ಹೋದರೆ ಅಮ್ಮ ತೊಡೆ ಚಿವುಟುತ್ತಿದ್ದಳು. ಡೇವಿಡ್ ಹೆಸರು ಎತ್ತುವಂತಿಲ್ಲ, ಲಾರಿ ಅನ್ನುವಂತಿಲ್ಲ. ಎಸ್ತರಮ್ಮ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ನಗುನಗುತ್ತಾ ಕಾಫಿ ಕೊಡುತ್ತಿದ್ದರು. ಬರುತ್ತಿದ್ದವರಲ್ಲಿ ಒಬ್ಬರಿಗೆ ಮಂಡಿನೋವು ಬಂತು, ಒಬ್ಬರಿಗೆ ಪಾಳಿ ಬದಲಾಯಿತು, ಒಬ್ಬರು ಬರುವುದನ್ನೇ ನಿಲ್ಲಿಸಿದರು. ಯಾರನ್ನೂ ದೂರುವಂತಿಲ್ಲ, ಎಲ್ಲರಿಗೂ ಸಾಕಾಗಿತ್ತು.

ಯುದ್ಧ ಮುಗಿಯಿತು. ದಂಡು ಸ್ಟೇಷನ್ನಿನಲ್ಲಿ ಸಿಪಾಯಿಗಳು ಗುಂಪು ಗುಂಪಾಗಿ ಇಳಿದರು, ಬೀದಿಬೀದಿಗಳಲ್ಲಿ ಆರತಿ, ಅಳು, ಪಟಾಕಿ. ಡೇವಿಡ್ ಬರಲಿಲ್ಲ. ಆ ಗದ್ದಲ ತಣ್ಣಗಾದ ಮೇಲಿನ ಒಂದು ಭಾನುವಾರ ಕೂಟಕ್ಕೆ ಬಂದವರು ನಾನು, ಅಮ್ಮ, ಉಪದೇಶಿಗಳು ಮಾತ್ರ. ಉಪದೇಶಿಗಳು ಎಂದಿನಂತೆ ಮೊದಲ ಕಂತೆ ಬಿಡಿಸಿದರು.

"ಅದನ್ನ ಮಡಚಿಡಿ," ಎಂದರು ಎಸ್ತರಮ್ಮ. "ಸಲೋಮಿ, ಇಲಿ ತಿಂದಿದ್ದನ್ನ ತರಿಸು."

ಅಮ್ಮನಿಗೆ ಅಳು ಬಂತು. "ನಿಮಗೆ ನೋವಾಗುತ್ತೆ ಅಂತ, ಟೀಚರಮ್ಮ..."

"ಗೊತ್ತು ಕಣೆ. ಆವತ್ತೇ ಗೊತ್ತಾಯ್ತು."

"ಡೇವಿಡ್ ಬರ್ತಾನೆ ಅಮ್ಮಾ. ನಂಬಿಕೆ ವೇಣುಂ, ನಂಬಿಕೆ ಬೇಕು," ಎಂದರು ಉಪದೇಶಿಗಳು.

"ಬರಲ್ಲ ಅಂತ ನಾನೆಲ್ಲಿ ಹೇಳ್ದೆ? ಅವನಿಗೋಸ್ಕರ ಕಾಯೋದು ನಂಗೆ ಕಷ್ಟ ಅಲ್ಲ ಉಪದೇಶಿಗಳೇ. ನಿಮಗೋಸ್ಕರ ಗಟ್ಟಿಯಾಗಿರೋದಿದೆಯಲ್ಲ, ಅದು ಕಷ್ಟ. ವಾರವೆಲ್ಲ ಹೇಗಾದ್ರೂ ಇರ್ತೀನಿ. ಭಾನುವಾರ ಬಂತು ಅಂದ್ರೆ ಮುಖ ತೊಳ್ಕೊಂಡು, ನಿಮ್ಮೆದುರು ನಗ್ತಾ ಕೂತ್ಕೋಬೇಕು. ನಂಗೆ ಸಾಕಾಗಿಹೋಗಿದೆ. ಓದಿ ಮುಗಿಸಿಬಿಡಿ."

ನಾನು ಓಡಿಹೋಗಿ ಟ್ರಂಕಿನಿಂದ ಕಂತೆ ತಂದೆ. ಉಪದೇಶಿಗಳು ಕೈ ಚಾಚಲಿಲ್ಲ. "ನೀನೇ ಓದು ಪುಟ್ಟಿ. ಸಾಲು ಹಾರಿಸ್ಬೇಡ," ಎಂದರು ಎಸ್ತರಮ್ಮ.

ಓದಿದೆ. ಮುದಿ ಸಂನ್ಯಾಸಿ ತನ್ನ ಹಾಸಿಗೆಯನ್ನು ತಾನೇ ಸುತ್ತಿಡುತ್ತಾನೆ. ತನಗೆ ಕೆಡುಕು ಮಾಡಿದವರನ್ನು ಕ್ಷಮಿಸುತ್ತಾನೆ, ರೋಗಿಗಳಲ್ಲಿ ಒಬ್ಬೊಬ್ಬರಿಂದಲೂ ಬೀಳ್ಕೊಳ್ಳುತ್ತಾನೆ. ಹೋಗಲು ಹೆದರಿಕೆಯಿಲ್ಲ, ಸ್ವಲ್ಪ ಆಯಾಸ ಮಾತ್ರ ಎಂದು ದೇವರಿಗೆ ಹೇಳುತ್ತಾನೆ. ಅಮ್ಮ ಎಸ್ತರಮ್ಮನವರ ಮುಖವನ್ನೇ ನೋಡುತ್ತಿದ್ದಳು. ಎಸ್ತರಮ್ಮ ಮಕ್ಕಳ ಪಾಠ ಒಪ್ಪಿಸಿಕೊಳ್ಳುವಂತೆ ತಲೆ ವಾಲಿಸಿ ಕೇಳುತ್ತಿದ್ದರು.

ನಾನು ನಿಲ್ಲಿಸಿದೆ. "ಇಷ್ಟೇನಾ?" ಎಂದರು.

"ಇಷ್ಟೇ."

"ಇದಕ್ಕಾ ನೀವೆಲ್ಲ ಇಷ್ಟು ದಿನ ಹೆದರಿದ್ದು?" ದನಿಯಲ್ಲಿ ಸಿಟ್ಟಿರಲಿಲ್ಲ. "ಚೆನ್ನಾಗಿ ಬರೆದಿದ್ದಾನೆ. ತಾನು ಹೋಗೋದಕ್ಕೆ ಹೇಗೆ ತಯಾರಾಗ್ಬೇಕು ಅಂತ ತುಂಬ ಚೆನ್ನಾಗಿ ಬರೆದಿದ್ದಾನೆ. ಮಗ ಹೋದ್ರೆ ಏನ್ ಮಾಡ್ಬೇಕು ಅಂತ ಒಂದ್ ಸಾಲಾದ್ರೂ ಇದ್ಯಾ ಇದ್ರಲ್ಲಿ? ಪಾಪ, ಅವನಿಗೆಲ್ಲಿ ಮಕ್ಕಳು."

ಹೇಳುತ್ತಾ ಹೇಳುತ್ತಾ ಅವರು ಅತ್ತುಬಿಟ್ಟರು. ನಮ್ಮೆದುರು ಅತ್ತದ್ದು ಅದೇ ಮೊದಲು. ಅಮ್ಮ ಸಮಾಧಾನ ಹೇಳಲು ಹೋಗಲಿಲ್ಲ, ಪಕ್ಕಕ್ಕೆ ಸರಿದು ಕೂತು ತಾನೂ ಅತ್ತಳು. ಯಾವ ಮಾತಿಗೂ ಎದುರುಮಾತು ಹುಡುಕುವ ಉಪದೇಶಿಗಳು ಎದ್ದು ಕಾಫಿ ಲೋಟಗಳನ್ನು ಬಚ್ಚಲಿಗೆ ಒಯ್ದು ತೊಳೆದಿಟ್ಟರು. ಗಂಡಸೊಬ್ಬರು ಲೋಟ ತೊಳೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪುಸ್ತಕ ಮುಗಿದಿತ್ತು, ಹೊಸದನ್ನು ತೆರೆಯಲು ಅಡ್ಡಿಯಿರಲಿಲ್ಲ. ಯಾರೂ ತೆರೆಯಲಿಲ್ಲ. ಮರುವಾರ ಅಮ್ಮ ಮಧ್ಯಾಹ್ನವೆಲ್ಲ ಮಲಗಿ ನಿದ್ದೆ ಮಾಡಿದಳು, ಸಂಜೆ ಎದ್ದು ಏನೋ ಕಳೆದುಕೊಂಡವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಸ್ವಲ್ಪ ಕಾಲದಲ್ಲೇ ಎಸ್ತರಮ್ಮ ಹೊಸಕೋಟೆ ಕಡೆ ತಂಗಿಯ ಮನೆಗೆ ಹೋಗಿ ನೆಲೆಸಿದರು. ಡೇವಿಡ್ಡನ ಸುದ್ದಿ ಕೊನೆಯವರೆಗೂ ಬರಲಿಲ್ಲ. ಅಷ್ಟು ದಣಿದವರನ್ನು ಅಷ್ಟು ಭಾನುವಾರ ಒಟ್ಟಿಗೆ ಕೂರಿಸಿದ್ದು ಸಂನ್ಯಾಸಿಯಲ್ಲ, ಅಮ್ಮನ ಆ ಇಲಿ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಈಗ ನಾನಿರುವುದು ಇಂದಿರಾನಗರದಲ್ಲಿ. ನಾನು ಹುಡುಗಿಯಾಗಿದ್ದಾಗ ಆ ಹೆಸರೇ ಇರಲಿಲ್ಲ, ಈ ಕಡೆಯೆಲ್ಲ ಹೊಲಗಳು. ಸೊಸೆ ನನ್ನನ್ನು ಇಲ್ಲೊಂದು ಓದುವ ಗುಂಪಿಗೆ ಕರೆದೊಯ್ಯುತ್ತಾಳೆ. ಅವರೂ ಹಳೆಯ ಕ್ರೈಸ್ತ ಗ್ರಂಥಗಳನ್ನೇ ಓದುತ್ತಾರೆ. ಎಲ್ಲರ ಕೈಯಲ್ಲೂ ಹೊಸ ಪ್ರತಿ, ಎಲ್ಲರೂ ಓದಿಯೇ ಬಂದಿರುತ್ತಾರೆ, ಯಾರೂ ತೂಕಡಿಸುವುದಿಲ್ಲ. ಹೇಳಿದ ಹೊತ್ತಿಗೆ ಮುಗಿಸಿ ಕಾರು ಹತ್ತುತ್ತಾರೆ. ಒಳ್ಳೆಯ ಜನ, ನಾನು ಸುಳ್ಳು ಹೇಳಬಾರದು.

ನನ್ನ ಯಜಮಾನರು ತೀರಿಕೊಂಡಾಗ ಅವರೆಲ್ಲ ಹೂವು ಹಿಡಿದು ಬಂದರು. ಅವರಲ್ಲೊಬ್ಬಳು ಹುಡುಗಿ ಸಾವಿನ ಬಗ್ಗೆ ಯಾರೋ ದೈವಭಕ್ತರು ಬರೆದ ಪುಸ್ತಕವೊಂದನ್ನು ನನ್ನ ಕೈಗಿಟ್ಟು, "ಓದಿ ಆಂಟಿ, ಸಮಾಧಾನ ಸಿಗುತ್ತೆ," ಎಂದಳು. ಅವಳದು ಒಳ್ಳೆಯ ಮನಸ್ಸು. ಓದಿದೆ, ಪುಸ್ತಕವೂ ಒಳ್ಳೆಯದೇ. ಓದಿ ಕೆಳಗಿಟ್ಟಾಗ ಮನೆಯಲ್ಲಿ ಯಾರೂ ಇರಲಿಲ್ಲ, ಅಮ್ಮನ ನೆನಪಾಗಿ ತಡೆಯಲಾಗಲಿಲ್ಲ. ಎಸ್ತರಮ್ಮನವರಿಗೆ ಸಾಕಾಗಿಹೋಗಿದ್ದದ್ದೇ ನನಗೆ ಆಗ ಬೇಕಾಗಿತ್ತು. ನನಗೆ ನೋವಾದೀತೆಂದು ಹೆದರಿ, ಮುಖ ನೋಡಲಾರದೆ, ಒಂದು ಪೆದ್ದು ಸುಳ್ಳು ಹೇಳುವವರು ಈಗ ಯಾರೂ ಉಳಿದಿಲ್ಲ.