ಹೊಸ ಸೈಲೆನ್ಸರ್‌ಗೆ ಕುರಿಗಳು ಒಪ್ಪಲಿಲ್ಲ

ಫ್ರೆಂಡ್ಸ್, ನಮ್ಮ ಮನೆಯವರನ್ನು ಇವತ್ತು ಅವರ ಕುರಿಗಳೇ ಗುರುತು ಹಿಡಿಯಲಿಲ್ಲ.

ಬೆಳಿಗ್ಗೆ ಅಂಗಳದಲ್ಲಿ ಕೂತು ಬೈಕಿಗೆ ಕಂಪನಿಯಿಂದಲೇ ಬಂದಿದ್ದ ಸೈಲೆನ್ಸರ್ ಬಿಚ್ಚಿದರು. ತುಕ್ಕು ಹಿಡಿದ ಬೋಲ್ಟು ಸಡಿಲವಾಗಲಿ ಎಂದು ನನ್ನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೆಲ್ಲ ಸುರಿದರು. ಹಾರೋಹಳ್ಳಿಯಿಂದ ತಂದ ಹೊಸದನ್ನು ಜೋಡಿಸಿ ಕಿಕ್ ಹೊಡೆದರೆ ಕಿಟಕಿ ಅದುರಿತು.

"ಏನ್ರೀ ಇದು, ಊರೇ ಎದ್ದು ಕೂತ್ಕತ್ತದೆ!" ಎಂದೆ.

"ಸುಮ್ಕಿರಮ್ಮಿ, ಗತ್ತು ಅಂದ್ರೆ ಇದು" ಎಂದರು.

ಸಂಜೆ ಎಂದಿನಂತೆ ಬೈಕಿನ ಹಿಂದೆ ಸೊಪ್ಪಿನ ಹೊರೆ ಕಟ್ಟಿಕೊಂಡು ಬಂದರು. ದಿನಾ ಆ ಬೈಕಿನ ಸದ್ದು ಕೇಳಿದರೆ ಕುರಿಗಳು ಕೊಟ್ಟಿಗೆಯ ಬಾಗಿಲಿಗೆ ಬಂದು ಅರಚುತ್ತವೆ. ಇವತ್ತು ಎಲ್ಲವೂ ಹಿಂದಿನ ಗೋಡೆಗೆ ಒತ್ತಿಕೊಂಡು ನಡುಗುತ್ತಿದ್ದವು. ಇವರೇ ಬಾಟಲಿ ಹಾಲು ಕುಡಿಸಿ ಸಾಕಿದ ಮರಿ ಕೂಡ ಹತ್ತಿರ ಬರಲಿಲ್ಲ.

"ನಾನ್ ಕಣ್ರವ್ವಾ, ನಾನೇಯ! ಒಸಿ ನೋಡ್ರವ್ವಾ" ಎಂದು ಸೊಪ್ಪು ಹಿಡಿದು ಬೇಡಿಕೊಂಡರು. ಒಂದೂ ಅಲುಗಲಿಲ್ಲ.

ಹೋಗಿ ಸ್ಪ್ಯಾನರ್ ತಂದರು. ಬಿಸಿ ಆರುವಷ್ಟೂ ಕಾಯದೆ, ಗೋಣಿಚೀಲ ಸುತ್ತಿ ಹೊಸದನ್ನು ಕಿತ್ತು ಹಳೆಯದನ್ನೇ ಹಾಕಿದರು. ಬೈಕ್ ಹತ್ತಿ ರಸ್ತೆಯ ತಿರುವಿನವರೆಗೆ ಹೋಗಿ ಮತ್ತೆ ಬಂದರು. ಮರಿ ಓಡಿ ಬಂದು ಅವರ ಲುಂಗಿ ಜಗ್ಗಿತು. ಇವರ ಕಣ್ಣಲ್ಲಿ ನೀರು.

ಬೆಳಗಿಂದ ನಾನು ಬಡಕೊಂಡದ್ದಕ್ಕೆ ಬೆಲೆಯಿಲ್ಲ, ಕುರಿ ಮುನಿಸಿಕೊಂಡರೆ ತಡೆಯಲಾಗದು. ಇರಲಿ. ತಿರುವಿನಲ್ಲಿ ಆ ಹಳೆಯ ಸದ್ದು ಕೇಳಿದ ಮೇಲೇ ನಾನು ದಿನಾ ಮುದ್ದೆಗೆ ಎಸರಿಡುವುದು; ಇವತ್ತೂ ಅವರು ಎರಡನೇ ಸಲ ಬಂದಾಗಲೇ ಒಲೆ ಹಚ್ಚಿದೆ. ಇದನ್ನು ಮಾತ್ರ ಅವರಿಗೆ ಹೇಳಿಲ್ಲ. ಹೇಳಿದರೆ ನನ್ನನ್ನೂ ಮಂದೆಗೆ ಸೇರಿಸಿಬಿಡುತ್ತಾರೆ.