ಹೆಬ್ಬೆರಳು ಹೊಲಿಯುವಾಗಿನ ಗುನುಗು

ಆಪರೇಷನ್ ಮಾಡುವಾಗ ನನಗೆ ಗುನುಗೋ ಚಾಳಿ ಇದೆ. ಇದು ನನಗೇ ಗೊತ್ತಿರಲಿಲ್ಲ ನೋಡಿ, ಥಿಯೇಟರಿನ ಸಿಸ್ಟರ್ ಹೇಳಿ ಗೊತ್ತಾಗಿದ್ದು. ಪೀಣ್ಯದ ಫ್ಯಾಕ್ಟರಿಗಳ ನಡುವೆ ತುಂಡಾದ ಕೈಬೆರಳು ಜೋಡಿಸೋ ಡಾಕ್ಟರಾಗಿ ಕೂತರೆ ಕೆಲಸಕ್ಕೇನೂ ಬರವಿಲ್ಲ. ಇಲ್ಲಿನ ಪ್ರೆಸ್ ಮೆಷಿನ್ನುಗಳು ತಗಡಿನ ಜೊತೆ ಬೆರಳನ್ನೂ ಕತ್ತರಿಸ್ತವೆ, ಅದನ್ನ ಮತ್ತೆ ಹೊಲಿಯೋದು ನನ್ನ ಪಾಲಿಗೆ. ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ಸಣ್ಣ ದಾರ ಹಿಡಿದು ರಕ್ತನಾಳ ಕೂಡಿಸ್ತಾ ಕೂತರೆ ಹಸಿವು, ಬೆನ್ನುನೋವು, ಮನೆ ಮಠ ಎಲ್ಲಾ ಮರೆತುಹೋಗುತ್ತೆ. ಆಗ ಅಮ್ಮ ಅಕ್ಕಿ ಆರಿಸುವಾಗ ಗುನುಗ್ತಿದ್ದ ಯಾವುದೋ ರಾಗ ನನ್ನ ಬಾಯಿಗೆ ಬರುತ್ತಂತೆ. "ಮೇಡಂ ಗುನುಗಿದ್ರೆ ಕೆಲಸ ಸಲೀಸು, ನಿಲ್ಸಿದ್ರೆ ಎಲ್ರೂ ಬಾಯ್ಮುಚ್ಕೊಂಡಿರಿ" ಅನ್ನೋದು ನಮ್ಮ ಥಿಯೇಟರಿನ ಕಾನೂನು.

ಆವತ್ತು ಬೆಳಿಗ್ಗೆ ಬಂದವನು ಕೊಪ್ಪಳದ ಕಡೆಯ ಪ್ರೆಸ್ ಆಪರೇಟರ್. ಬಲಗೈ ಹೆಬ್ಬೆರಳು ಬುಡಕ್ಕೇ ಹೋಗಿತ್ತು. ಜೊತೆಗೆ ಬಂದ ಗೆಳೆಯ ಒಂದು ಪ್ಲಾಸ್ಟಿಕ್ ಕವರನ್ನ ಎದೆಗೆ ಅವಚಿಕೊಂಡಿದ್ದ. ಒಳಗೆ ಜ್ಯೂಸ್ ಅಂಗಡಿಯ ಐಸು, ಐಸಿನ ನಡುವೆ ಬೆರಳು. "ಫುಲ್ ಐಸ್ ಹಾಕೀನ್ರಿ ಮೇಡಂ, ಬೆರಳಿಗೇನೂ ಆಗಿಲ್ಲ" ಅಂದ. ಮುಖದಲ್ಲಿ ಹೆಮ್ಮೆ.

ಅಯ್ಯೋ ದೇವ್ರೇ! ಬೆರಳನ್ನ ಒದ್ದೆ ಬಟ್ಟೇಲಿ ಸುತ್ತಿ, ಕವರಿಗೆ ಹಾಕಿ ಕಟ್ಟಿ, ಆ ಕವರನ್ನ ಐಸಿನ ಮೇಲಿಡಿ, ಐಸು ನೇರವಾಗಿ ತಾಗಿದ್ರೆ ಬೆರಳು ಸುಟ್ಟುಹೋದಂಗೆ ಅಂತ ಫ್ಯಾಕ್ಟರಿ ಫ್ಯಾಕ್ಟರಿ ಅಲೆದು ಗಂಟಲು ಹರ್ಕೊಂಡಿದ್ದೀನಿ. ಎಲ್ಲರೂ ತಲೆ ಆಡಿಸ್ತಾರೆ. ಬೆರಳು ತುಂಡಾದ ಗಳಿಗೇಲಿ ಜ್ಯೂಸ್ ಅಂಗಡಿಗೇ ಓಡ್ತಾರೆ. ಕೂಗಾಡೋಣ ಅಂತ ಬಾಯಿ ತೆರೆದೆ. ಆ ಗೆಳೆಯನ ಕೈ ಕವರ್ ಹಿಡಿದು ಹಿಡಿದು ಬೆಳ್ಳಗೆ ಮರಗಟ್ಟಿತ್ತು. ಯಾರನ್ನ ಬೈಯಲಿ? ಸುಮ್ಮನೆ ಕವರ್ ಇಸ್ಕೊಂಡೆ.

"ಹೆಬ್ಬೆರಳಿಲ್ದ ರೊಟ್ಟಿ ಹೆಂಗ ಮುರೀಲ್ರಿ?" ಅಂತ ಕೇಳಿದ ಬೆರಳು ಕಳ್ಕೊಂಡವನು. ಕೆಲಸದ ಮಾತೇ ಎತ್ತಲಿಲ್ಲ. ಹೆಬ್ಬೆರಳಿಲ್ಲದ ಕೈಯನ್ನ ಯಾವ ಮೆಷಿನ್ ಮುಂದೆಯೂ ನಿಲ್ಲಿಸಲ್ಲ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ನೋಡೋಣಪ್ಪ, ನನ್ನ ಕೈಲಾಗೋದೆಲ್ಲಾ ಮಾಡ್ತೀನಿ" ಅಂದೆ.

ತೋಳನ್ನಷ್ಟೇ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟಿದ್ವಿ. ಹಸಿರು ಪರದೆಯ ಆಚೆ ಅವನು ಎಚ್ಚರವಾಗೇ ಇದ್ದ. ಈಚೆ ನಾನು. ಆಮೇಲೆ ಅವನೊಬ್ಬ ಅಲ್ಲಿದ್ದಾನೆ ಅನ್ನೋದೇ ಮರೆತುಹೋಯ್ತು, ನಿಜ ಹೇಳ್ತೀನಿ. ಮೂಳೆ, ನರ, ಆಮೇಲೆ ರಕ್ತನಾಳ. ನಾನು ಅಂದ್ಕೊಳ್ಳೋ ಮೊದಲೇ ಸೂಜಿ ಹೋಗಿ ತನ್ನ ಜಾಗದಲ್ಲಿ ನಿಲ್ತಿತ್ತು. ಅಂಥ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ, ದೇವಸ್ಥಾನದಲ್ಲೂ ಸಿಕ್ಕಿಲ್ಲ. ಕೊನೆಗೆ ರಕ್ತ ತಡೆದಿಟ್ಟಿದ್ದ ಕ್ಲಿಪ್ ತೆಗೆದಾಗ ಸುಣ್ಣದಂತಿದ್ದ ಬೆರಳಿಗೆ ಮೆಲ್ಲಗೆ ಕೆಂಪು ಏರಿತು. "ಬಂತು ಮೇಡಂ, ಬಂತು!" ಅಂತ ಸಿಸ್ಟರ್ ಕೂಗಿದ್ಲು. ಹೊರಗೆ ಬಂದರೆ ಫ್ಯಾಕ್ಟರಿಗಳ ಶಿಫ್ಟ್ ಬಿಟ್ಟು ರಸ್ತೆ ತುಂಬಾ ಜನ. ಮಧ್ಯಾಹ್ನ ಯಾವಾಗ ಬಂದು ಹೋಯ್ತೋ!

ಮಾರನೇ ದಿನ ನೋಡೋಕೆ ಹೋದಾಗ ನಕ್ಕ. "ನೀವು ಹಾಡಾಕತ್ತಿದ್ರಿ ಮೇಡಂ. ನಾ ಅಂಜಿ ನಡಗಾಕತ್ತಿದ್ದೆ. ಮೇಡಂ ಹಾಡ್ತಿದಾರೆ ಅಂದ್ರೆ ಬೆರಳು ಉಳೀತು ಅಂತ ಸಿಸ್ಟರ್ ಅಂದ್ರು. ಆಮ್ಯಾಲೆ ಅಂಜಿಕಿ ಆಗ್ಲಿಲ್ರಿ." ಸಿಸ್ಟರನ್ನ ಗುರಾಯಿಸಿದೆ. ಒಳಗೊಳಗೇ ಖುಷಿ, ಸುಳ್ಳು ಯಾಕೆ.

ಆದರೆ ಉಗುರಿನ ಬುಡ ನೀಲಿಗೆ ತಿರುಗ್ತಾ ಬಂತು. ಐಸು ಸುಟ್ಟ ನಾಳಗಳು ಒಳಗಿಂದಲೇ ಮುಚ್ಕೊಳ್ತಿದ್ದವು. ಬಿಚ್ಚಿ ಮತ್ತೆ ಜೋಡಿಸೋಣ ಅಂದರೆ ಜೋಡಿಸೋಕೆ ಒಳ್ಳೇ ನಾಳವೇ ಉಳಿದಿರಲಿಲ್ಲ. ರಕ್ತ ತೆಳುವಾಗೋ ಔಷಧಿ ಏರಿಸಿದೆ, ಕೈಗೆ ಬಿಸಿ ದೀಪ ಇಡಿಸಿದೆ, ಹೋಗಿ ಹೋಗಿ ನಿಂತು ನೋಡಿದೆ. ನನ್ನ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅದನ್ನ ಇಟ್ಕೊಂಡು ಏನ್ ಮಾಡ್ಲಿ? ಬೆರಳು ಸುಟ್ಟ ಬದನೆಕಾಯಿ ಥರ ಕಪ್ಪಾಯ್ತು. ಬಾಗಿಲಲ್ಲಿ ನಿಂತಿದ್ದ ಗೆಳೆಯ ಕೇಳಿದ: "ಇನ್ನೂ ಜಾಸ್ತಿ ಐಸ್ ಹಾಕ್ಬೇಕಿತ್ತೇನ್ರಿ ಮೇಡಂ?"

"ಇಲ್ಲಪ್ಪ" ಅಂದೆ.

ಬೆರಳು ತೆಗೆಯಬೇಕು ಅಂತ ಹೇಳಿದಾಗ ಅವನು ಗೋಡೆ ಕಡೆ ತಿರುಗಿ ಮಲಗಿದ. ಅದೇ ಥಿಯೇಟರು, ಅದೇ ಹಸಿರು ಪರದೆ, ಅದೇ ತೋಳಿನ ಇಂಜೆಕ್ಷನ್. ಇದಕ್ಕೆ ಮೈಕ್ರೋಸ್ಕೋಪ್ ಬೇಡ, ಬೇಗ ಮುಗಿಯೋ ಕೆಲಸ. ಸಿಸ್ಟರ್ ತಲೆ ಎತ್ತದೆ ಬ್ಲೇಡ್ ಕೊಟ್ಟಳು.

"ಮೇಡಂ," ಅಂತ ಪರದೆಯ ಆಚೆಯಿಂದ ದನಿ ಬಂತು. "ಇವತ್ತ್ಯಾಕ್ರಿ ಹಾಡವಲ್ರಿ? ಸ್ವಲ್ಪ ಹಾಡ್ರಿ. ಅಂಜಿಕಿ ಬರಾಕತ್ತೈತಿ."

ಹಾಡೋಣ ಅಂತ ಬಾಯಿ ತೆರೆದೆ. ಇಷ್ಟು ವರ್ಷ ನಾನು ಕರೆಯದೇನೇ ಬರ್ತಿದ್ದ ರಾಗ, ಆವತ್ತು ಎಲ್ಲಿಂದ ಶುರುವಾಗುತ್ತೆ ಅನ್ನೋದೇ ನೆನಪಾಗಲಿಲ್ಲ.